ಸೂರ್ಯ, ಚಂದ್ರ, ಖಾಲಿ ತಟ್ಟೆ: ಶಿವಮೊಗ್ಗ ದುರ್ಗಿಗುಡಿಯ ಒಂದು ಮೆಡಿಕಲ್ ಶಾಪ್

ಐದಕ್ಕೆ ನಾಲ್ಕು ಸ್ಟಾರ್. ಒಂದು ಹೋಗಿದ್ದು ಖಾಲಿ ತಟ್ಟೆಗೆ, ಅದನ್ನ ಆಮೇಲೆ ಹೇಳುತ್ತೇನೆ.

ನಮ್ಮಮ್ಮನಿಗೆ 71. ಹೊಸನಗರದ ಹತ್ತಿರ ತೋಟದ ಮನೆಯಲ್ಲಿದ್ದಾರೆ. ಓದಿದ್ದು ಎರಡನೇ ಕ್ಲಾಸು. ಶುಗರ್‌ಗೆ, ಬೀಪಿಗೆ, ಥೈರಾಯ್ಡ್‌ಗೆ ಅಂತ ದಿನಕ್ಕೆ ಮೂರು ತರದ ಗುಳಿಗೆ. ಇಷ್ಟು ದಿನ ಬಣ್ಣ ನೋಡಿಕೊಂಡು ನುಂಗುತ್ತಿದ್ದರು. ಹೋದ ವರ್ಷ ಬೇರೊಂದು ಅಂಗಡಿಯಲ್ಲಿ ಬೀಪಿ ಗುಳಿಗೆಯ ಕಂಪನಿ ಬದಲಾಯಿತು, ಬಣ್ಣವೂ ಬದಲಾಯಿತು. ಅಮ್ಮ ಹಳೆಯದನ್ನೂ ನುಂಗಿದರು, ಹೊಸದನ್ನೂ ನುಂಗಿದರು. ಕವರ್ ಮೇಲೆ '1-0-1' ಅಂತ ಗೀಚಿದ್ದರು, ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಅದನ್ನ ಅಮ್ಮ ನೂರಾ ಒಂದು ರೂಪಾಯಿ ಅಂದುಕೊಂಡಿದ್ದರು!

ಈ ಅಂಗಡಿಯಲ್ಲಿ ಪ್ರತಿ ಕವರ್ ಮೇಲೂ ಸೀಲು ಒತ್ತಿ ಕೊಡುತ್ತಾರೆ. ಹುಟ್ಟುವ ಸೂರ್ಯ, ನೆತ್ತಿ ಮೇಲಿನ ಸೂರ್ಯ, ಚಂದ್ರ. ಪಕ್ಕದಲ್ಲಿ ಎಷ್ಟು ಗುಳಿಗೆಯೋ ಅಷ್ಟು ಗುಂಡು, ಅರ್ಧವಾದರೆ ಅರ್ಧ ಗುಂಡು. ಕೆಳಗೆ ದಪ್ಪ ಅಕ್ಷರದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. "ಮಳೆಗಾಲದಲ್ಲಿ ಸೂರ್ಯನ್ನ ನಂಬಿಕೊಂಡ್ರೆ ಮೂರು ತಿಂಗಳು ಗುಳಿಗೇನೇ ಇಲ್ಲ" ಅಂತ ಅಮ್ಮ ನಕ್ಕರು.

ಈಗ ತಟ್ಟೆಯ ಸೀಲು. ಅಂಗಡಿಯವರ ಲೆಕ್ಕದಲ್ಲಿ ಖಾಲಿ ತಟ್ಟೆ ಅಂದರೆ ಊಟಕ್ಕೆ ಮುಂಚೆ, ತುಂಬಿದ ತಟ್ಟೆ ಅಂದರೆ ಊಟದ ಮೇಲೆ. ಅಮ್ಮನ ಲೆಕ್ಕ ಉಲ್ಟಾ. "ತಟ್ಟೆ ಖಾಲಿ ಅಂದ್ರೆ ಉಂಡಾಯ್ತು ಅಂತ ಅಲ್ವಾ? ತುಂಬಿದ್ರೆ ಇನ್ನೂ ಊಟಕ್ಕೆ ಕೂತಿಲ್ಲ." ಹೌದಲ್ಲ! ನನಗೂ ಉತ್ತರ ಸಿಗಲಿಲ್ಲ. ಹಾಗೇ ಮನೆಗೆ ಹೋಗಿದ್ದರೆ ಊಟದ ಮೇಲೆ ನುಂಗಬೇಕಾದ ಶುಗರ್ ಗುಳಿಗೆ ಮೆಟ್‌ಫಾರ್ಮಿನ್ ಖಾಲಿ ಹೊಟ್ಟೆಗೆ ಬೀಳುತ್ತಿತ್ತು, ಹೊಟ್ಟೆ ಕೆಡುತ್ತಿತ್ತು.

ಸಿಕ್ಕಿಬಿದ್ದಿದ್ದು ಹೇಗೆ ಗೊತ್ತಾ? ಕವರ್ ಕೈಗೆ ಕೊಟ್ಟ ಮೇಲೆ ಕೌಂಟರಿನ ಹುಡುಗಿ, "ಅಮ್ಮಾ, ಇದನ್ನ ಯಾವಾಗ ತಗೊಳ್ತೀರಿ, ಈಗ ನೀವು ನಂಗೆ ಹೇಳಿ" ಅಂತ ಕೇಳಿದಳು. ಸೀಲಿಗಿಂತ ಈ ಪ್ರಶ್ನೆಯೇ ನನಗೆ ಜಾಸ್ತಿ ಇಷ್ಟವಾಗಿದ್ದು. ತಟ್ಟೆ ಹೊಡೆದುಹಾಕಿ ಪೆನ್ನಿನಲ್ಲೇ ಚಿತ್ರ ಬರೆದಳು: ಮೊದಲು ಅನ್ನ, ಆಮೇಲೆ ಬಾಣ, ಆಮೇಲೆ ಗುಳಿಗೆ. ಥೈರಾಯ್ಡ್ ಬಾಟ್ಲಿಗೆ ಅಂಟಿಸಿದ ಚೀಟಿಯಲ್ಲಿ ಕಾಫಿ ಲೋಟಕ್ಕೆ ಅಡ್ಡಗೆರೆ ಇತ್ತು. "ಕಾಫಿನೇ ಬಿಡ್ಬೇಕಾ?" ಅಂತ ಅಮ್ಮ ಹೆದರಿದರು. ಗುಳಿಗೆ ನುಂಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ ಅಂತ ಅದಕ್ಕೂ ಒಂದು ಗಡಿಯಾರ ಬಂತು.

ಚಿತ್ರ ಕೈಕೊಡುವುದು ನಮ್ಮ ಕಡೆ ಹೊಸದೇನಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ಇದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ನಾನು ಚಿಕ್ಕವನಿದ್ದಾಗ ಕಂಡ ಒಂದು ಪೋಸ್ಟರಿನಲ್ಲಿ ಮಂಗ ಇಷ್ಟು ದೊಡ್ಡದು, ರಕ್ತ ಹೀರುವ ಉಣುಗು ಹುಳ ಸಾಸಿವೆಯಷ್ಟು. ಜನ ಮಂಗ ಕಂಡರೆ ಓಡುತ್ತಿದ್ದರು, ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರಲು ಮಾತ್ರ ಬರಿಗಾಲಲ್ಲೇ ಕಾಡಿಗೆ ಹೋಗುತ್ತಿದ್ದರು. ಕಚ್ಚಿ ರೋಗ ಹತ್ತಿಸುವ ಉಣುಗು ಕೂತಿರುವುದು ಆ ದರಗಿನಲ್ಲೇ.

ಉಳಿದಂತೆ, ಸಂಜೆ ಹೋದರೆ ರಷ್ಷು. ರಿಯಾಯಿತಿ ಇಲ್ಲ. ಹತ್ತು ಗುಳಿಗೆಯ ಪಟ್ಟಿಯಲ್ಲಿ ಆರು ಕೇಳಿದರೆ ಹೆಸರು, ಎಕ್ಸ್‌ಪೈರಿ ತಾರೀಕು ಇರುವ ಕಡೆಯನ್ನ ನಮಗೇ ಉಳಿಸಿ ಕತ್ತರಿಸುತ್ತಾರೆ, ಅದು ಒಳ್ಳೆಯದು. ಸೀಲಿನ ಶಾಯಿ ಮಾತ್ರ ಜುಲೈ ತಿಂಗಳ ಥಂಡಿಗೆ ಕಲಸಿಹೋಗುತ್ತದೆ. ಅದಕ್ಕೇ ಅಮ್ಮ ಈಗ ಕವರ್‌ಗಳನ್ನೆಲ್ಲ ಹಪ್ಪಳದ ಡಬ್ಬಿಯಲ್ಲಿ ಇಟ್ಟಿದ್ದಾರೆ.