ಮನೆಯ ಪ್ರಿಂಟರಿನಲ್ಲಿ ಕಪ್ಪು ಬಿಳುಪು: ಒಂದೇ ಫೋಟೊ, ನಾಲ್ಕು ಬಗೆ

ಐನ್‌ಮನೆಯ (ನಮ್ಮ ಕೊಡವ ಕುಟುಂಬದ ಮೂಲಮನೆಯ) ಗೋಡೆಯಲ್ಲಿದ್ದ ಅಜ್ಜ-ಅಜ್ಜಿಯ ಮದುವೆಯ ಕಪ್ಪು ಬಿಳುಪು ಫೋಟೊವನ್ನು ಸ್ಕ್ಯಾನ್ ಮಾಡಿ, ಪುತ್ತರಿ ಸುಗ್ಗಿಹಬ್ಬಕ್ಕೆ ಬರುವ ನೆಂಟರಿಗೆ ಒಂದೊಂದು ಪ್ರತಿ ಕೊಡೋಣವೆಂದು ಮಡಿಕೇರಿಯ ನಮ್ಮ ಮನೆಯಲ್ಲಿ ಮುದ್ರಿಸಿದಾಗ, ಮದುಮಗನ ಬಿಳಿ ಕುಪ್ಯಕ್ಕೆ (ಕೊಡವ ಗಂಡಸರ ಉದ್ದನೆಯ ನಿಲುವಂಗಿಗೆ) ಮಳೆಗಾಲದ ಪಾಚಿ ಹಿಡಿದಂತೆ ಕಂಡಿತು. ಅಂದಿನಿಂದ ಅದೇ ಫೋಟೊವನ್ನು, ಜೊತೆಗೆ ಬಿಳಿಯಿಂದ ಕಪ್ಪಿನವರೆಗೆ 21 ಮೆಟ್ಟಿಲುಗಳಿರುವ ಬೂದು ಪಟ್ಟಿಯೊಂದನ್ನು, ನಾಲ್ಕು ಬಗೆಯಲ್ಲಿ ಮುದ್ರಿಸಿ, ಹಗಲು ಕಿಟಕಿಯ ಬೆಳಕಿನಲ್ಲಿಯೂ ರಾತ್ರಿ ಎಲ್‌ಇಡಿ ಬಲ್ಬಿನ ಕೆಳಗೂ ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಈ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು. ಬಿಳಿ ಕುಪ್ಯದ ನೆರಿಗೆಗಳು ತಿಳಿಛಾಯೆಯನ್ನೂ, ಸುತ್ತ ನಿಂತ ಹಿರಿಯರ ಕಪ್ಪು ಕುಪ್ಯಗಳು ಗಾಢ ನೆರಳನ್ನೂ ಒಟ್ಟಿಗೇ ಒರೆಗೆ ಹಚ್ಚುತ್ತವೆ.

ಮೊದಲನೆಯದು ಪ್ರಿಂಟರು ತಾನಾಗಿ ಮಾಡುವ ಕೆಲಸ. ನನ್ನದು ನಾಲ್ಕು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರು. ಗ್ಲಾಸಿ ಕಾಗದದ ಮೇಲೆ ಅದು ಸಯಾನ್, ಮಜೆಂಟಾ, ಹಳದಿ ಈ ಮೂರನ್ನೂ ಬೆರೆಸಿ ಬೂದು ಬಣ್ಣವನ್ನು ಕಟ್ಟುತ್ತದೆ. ಮೂರರಲ್ಲಿ ಒಂದರ ಪ್ರಮಾಣ ಕೂದಲೆಳೆಯಷ್ಟು ತಪ್ಪಿದರೂ ಬೂದು ಹಸಿರಿಗೋ ಗುಲಾಬಿಗೋ ವಾಲುತ್ತದೆ. ಅದಕ್ಕಿಂತ ಕಷ್ಟದ ಸಂಗತಿಯೆಂದರೆ, ಕಿಟಕಿಯ ಬಳಿ ಸರಿಯಾಗಿ ಕಂಡ ಪ್ರತಿ ಬಲ್ಬಿನ ಕೆಳಗೆ ಬೇರೆಯೇ ಆಗಿ ಕಾಣುತ್ತದೆ. ಬಣ್ಣದ ಶಾಯಿಗಳು ಬೆಳಕಿನ ಎಲ್ಲ ತರಂಗಗಳನ್ನೂ ಸಮನಾಗಿ ಹೀರುವುದಿಲ್ಲವಾದ್ದರಿಂದ, ಬೆಳಕು ಬದಲಾದೊಡನೆ ಸಮತೋಲವೂ ಬದಲಾಗುತ್ತದೆ.

ಎರಡನೆಯದು ಮುದ್ರಣದ ಸೆಟ್ಟಿಂಗಿನಲ್ಲಿರುವ ಗ್ರೇಸ್ಕೇಲ್ (ಬೂದುಛಾಯೆ) ಆಯ್ಕೆ. ಇದನ್ನು ಒತ್ತಿದರೆ ಕಪ್ಪು ಶಾಯಿ ಮಾತ್ರ ಬರುತ್ತದೆಂದು ನಾನು ನಂಬಿದ್ದೆ. ಭೂತಗನ್ನಡಿ ಹಿಡಿದು ನೋಡಿದಾಗ ಗ್ಲಾಸಿ ಹಾಳೆಯ ಮೇಲೆ ನೀಲಿ, ಗುಲಾಬಿ, ಹಳದಿ ಚುಕ್ಕೆಗಳೇ ತುಂಬಿದ್ದವು! ನನ್ನ ಪ್ರಿಂಟರಿನ ಕಪ್ಪು ಪಿಗ್ಮೆಂಟ್ ಶಾಯಿ (ಕರಗದ ಸಣ್ಣ ಕಣಗಳಿರುವ ಶಾಯಿ) ಗ್ಲಾಸಿ ಮೇಲ್ಮೈಗೆ ಹೊಂದುವುದಿಲ್ಲ, ಆದ್ದರಿಂದ ಡ್ರೈವರ್ (ಕಂಪ್ಯೂಟರಿನಲ್ಲಿ ಪ್ರಿಂಟರನ್ನು ನಡೆಸುವ ತಂತ್ರಾಂಶ) ಅದನ್ನು ಬಳಸುವುದೇ ಇಲ್ಲ. ಹೊಳಪಿಲ್ಲದ ಮ್ಯಾಟ್ ಕಾಗದ ಹಾಕಿ, ಡ್ರೈವರಿನಲ್ಲಿ ಕಾಗದದ ಬಗೆಯನ್ನೂ ಅದಕ್ಕೆ ತಕ್ಕಂತೆ ಬದಲಿಸಿದ ಮೇಲೆ ಕಪ್ಪೊಂದೇ ಬಂದಿತು. ಆಗ ಬಣ್ಣದ ಛಾಯೆ ಪೂರ್ತಿ ಹೋಯಿತು. ಇಂಗಾಲದ ಶಾಯಿಯ ಒಂದಿಷ್ಟು ಬೆಚ್ಚನೆಯ ಗುಣ ಮಾತ್ರ ಉಳಿಯಿತು, ಯಾವ ಬೆಳಕಿಗೂ ಅದು ಅಲುಗಲಿಲ್ಲ. ಆದರೆ ತಿಳಿಛಾಯೆಯಲ್ಲಿ ಚುಕ್ಕೆಗಳು ವಿರಳವಾಗಿ ಬೀಳುವುದರಿಂದ ಅಜ್ಜಿಯ ಕೆನ್ನೆಯ ಮೇಲೆ ಮೆಣಸಿನಪುಡಿ ಉದುರಿಸಿದಂತಾಯಿತು. ಗೋಡೆಗೆ ತೂಗುಹಾಕಿ ದೂರದಿಂದ ನೋಡುವ ದೊಡ್ಡ ಪ್ರತಿಗೆ ಇದು ನಡೆಯುತ್ತದೆ, ಕೈಯಲ್ಲಿ ಹಿಡಿಯುವ ಅಳತೆಗೆ ನಡೆಯುವುದಿಲ್ಲ.

ಮೂರನೆಯದು ಆ ಕಾಗದಕ್ಕೂ ಆ ಶಾಯಿಗೂ ಎಂದೇ ಮಾಡಿಸಿದ ಐಸಿಸಿ ಪ್ರೊಫೈಲ್, ಅಂದರೆ ಆ ಜೋಡಿಯಲ್ಲಿ ಬಣ್ಣಗಳು ಹೇಗೆ ಮೂಡುತ್ತವೆಂದು ತಂತ್ರಾಂಶಕ್ಕೆ ತಿಳಿಸುವ ಕಡತ. ಬಣ್ಣದ ಚೌಕಗಳ ಹಾಳೆಯನ್ನು ಮುದ್ರಿಸಿ, ಒಂದು ದಿನ ಒಣಗಲು ಬಿಟ್ಟು, ಬೆಂಗಳೂರಿಗೆ ಕಳುಹಿಸಿ, ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಅಳತೆ ಮಾಡಿಸಿದೆ. ಮೊದಲ ಪ್ರತಿ ಗುಲಾಬಿಯಾಗಿ ಬಂದಾಗ ಹಣ ನೀರುಪಾಲಾಯಿತೆಂದುಕೊಂಡೆ. ತಪ್ಪು ನನ್ನದೇ ಆಗಿತ್ತು. ಬಣ್ಣದ ನಿರ್ವಹಣೆಯನ್ನು ಫೋಟೊ ತಂತ್ರಾಂಶಕ್ಕೆ ವಹಿಸಿದ ಮೇಲೆ ಡ್ರೈವರಿನ ಬಣ್ಣ ಹೊಂದಾಣಿಕೆಯನ್ನು ನಿಲ್ಲಿಸಬೇಕಿತ್ತು, ಇಲ್ಲವಾದರೆ ಒಂದೇ ತಿದ್ದುಪಡಿ ಎರಡು ಸಲ ಆಗುತ್ತದೆ. ಸರಿಪಡಿಸಿದ ಬಳಿಕ 21 ಮೆಟ್ಟಿಲುಗಳೂ ಕಿಟಕಿಯ ಬೆಳಕಿನಲ್ಲಿ ಅಚ್ಚುಕಟ್ಟಾಗಿ ಬೂದಾಗಿದ್ದವು. ಆದರೆ ಪ್ರೊಫೈಲಿನ ಲೆಕ್ಕಾಚಾರ ಸುಮಾರು 5000 ಕೆಲ್ವಿನ್‌ನ ಪ್ರಮಾಣಿತ, ಹಗಲಿನಂಥ ಬೆಳಕನ್ನು ನಂಬಿರುತ್ತದೆ. ಬಲ್ಬಿನ ಕೆಳಗೆ ಹಸಿರು ಮತ್ತೆ ಇಣುಕಿತು, ಮೊದಲಿಗಿಂತ ಕಡಿಮೆ ಅಷ್ಟೆ.

ನಾಲ್ಕನೆಯದನ್ನು ವಿರಾಜಪೇಟೆಯ ಗೆಳೆಯರ ಮನೆಯಲ್ಲಿ ನೋಡಿದೆ. ಅವರ ಪ್ರಿಂಟರಿನಲ್ಲಿ ಕಪ್ಪಿನ ಜೊತೆಗೆ ಎರಡು ಹಂತದ ಬೂದು ಶಾಯಿಗಳಿವೆ. ಪ್ರಿಂಟರ್ ಕಂಪನಿ ಎಪ್ಸನ್ 2005ರಲ್ಲಿ ಕೆ3 ಶಾಯಿಯೊಂದಿಗೆ (ಕಪ್ಪು ಮತ್ತು ಎರಡು ಬೂದು ಇರುವ ಶಾಯಿಗಳ ಗುಂಪು) ತಂದ ಅಡ್ವಾನ್ಸ್‌ಡ್ ಬ್ಲ್ಯಾಕ್ ಅಂಡ್ ವೈಟ್ ವಿಧಾನದ ಹುರುಳೂ ಇದೇ: ಛಾಯೆಯ ಬಹುಪಾಲನ್ನು ಬೂದು ಶಾಯಿಗಳೇ ಹೊರುತ್ತವೆ, ಬಣ್ಣದ ಶಾಯಿ ಹದಕ್ಕೆ ಬೇಕಾದಷ್ಟೇ ಬೀಳುತ್ತದೆ. ಅಲ್ಲಿ ಅಜ್ಜಿಯ ಕೆನ್ನೆ ನುಣುಪಾಗಿ ಬಂದಿತು, ಕಪ್ಪು ಕುಪ್ಯದ ಮಡಿಕೆಗಳೂ ಬಿಡಿಬಿಡಿಯಾಗಿ ಕಂಡವು. ಎರಡೂ ಬೆಳಕಿನಲ್ಲಿ ವ್ಯತ್ಯಾಸ ಹುಡುಕಿ ನೋಡಿದರೆ ಮಾತ್ರ ಕಾಣುವಷ್ಟಿತ್ತು. ಶಾಯಿಯ ಬೆಲೆಯನ್ನು ಕೇಳಿ ನಾನು ಸುಮ್ಮನಾದೆ.

ಕಾಗದದ ಬಗ್ಗೆ ಒಂದು ಮಾತು. ಹೊಳಪುಕಾರಕ (ಹೆಚ್ಚು ಬಿಳುಪಾಗಿ ತೋರಿಸುವ ರಾಸಾಯನಿಕ) ಬೆರೆಸಿದ ಕಾಗದ ಹಗಲಿನಲ್ಲಿ ನೀಲಿಬಿಳುಪಾಗಿಯೂ, ಬಲ್ಬಿನ ಬೆಳಕಿನಲ್ಲಿ ಹಳದಿಯಾಗಿಯೂ ಕಾಣುವುದರಿಂದ ಶಾಯಿಯ ಮೇಲೆ ವೃಥಾ ಅಪವಾದ ಬರುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಿ ತೆರೆದಿಟ್ಟ ಹಾಳೆಗಳು ತೇವ ಹೀರಿ ಸುರುಳಿಯಾಗುತ್ತವೆ, ಹಾಗಾಗಿ ನಾನು ಅವನ್ನು ಡಬ್ಬಿಯಲ್ಲಿ ಮುಚ್ಚಿಡುತ್ತೇನೆ.

ನೆಂಟರಿಗೆ ಕೊಡುವ ಪ್ರತಿಗಳನ್ನು ಪ್ರೊಫೈಲ್ ಬಳಸಿ ಮನೆಯಲ್ಲೇ ಮುದ್ರಿಸಿದೆ. ಐನ್‌ಮನೆಯ ಗೋಡೆಗೆ ಹೋಗುವ ಒಂದು ಪ್ರತಿಯನ್ನು ಮಾತ್ರ, ಅಲ್ಲಿ ಹಗಲೂ ಬಲ್ಬು ಉರಿಯುತ್ತಿರುವುದರಿಂದ, ವಿರಾಜಪೇಟೆಯಲ್ಲಿ ಮಾಡಿಸಿದೆ.