ಬಾಡಿಗೆ ಮನೆಯ ಜಿರಳೆಗೆ ಚಾಕ್, ಸ್ಪ್ರೇ, ಬೋರಿಕ್ ಪುಡಿ, ಜೆಲ್: ಎಂಟು ತಿಂಗಳ ಲೆಕ್ಕ

ಬೆಂಗಳೂರಿನ ಹನುಮಂತನಗರದ ಈ ಮನೆಗೆ ನಾವು ಬಂದದ್ದು ಕಳೆದ ಜೂನ್‌ನಲ್ಲಿ. ಮೊದಲ ಮಹಡಿ, ಎರಡು ರೂಮು. ಕೆಳಗೆ ಓನರ್, ಮೇಲೆ ಇನ್ನೊಂದು ಬಾಡಿಗೆ ಮನೆ. ಹಾಲು ಉಕ್ಕಿಸಿದ ಮೂರನೇ ರಾತ್ರಿ ಮಗಳಿಗೆ ಹಾಲು ಬಿಸಿ ಮಾಡೋಣ ಅಂತ ಎದ್ದು ಅಡುಗೆಮನೆ ಲೈಟ್ ಹಾಕಿದೆ. ಗ್ಯಾಸ್ ಒಲೆ ಕೆಳಗಿಂದ, ಮಿಕ್ಸಿ ಹಿಂದಿನಿಂದ, ಸಿಂಕಿನ ಅಂಚಿನಿಂದ ಸರಸರ ಓಡಿದವು. ಹನ್ನೊಂದರವರೆಗೆ ಎಣಿಸಿ ಬಿಟ್ಟೆ. ತೊಳೆದು ಬೋರಲು ಹಾಕಿದ್ದ ಹಾಲಿನ ಬಾಟಲಿಯ ನಿಪ್ಪಲ್ ಮೇಲೂ ಒಂದು ಕೂತಿತ್ತು. ಅವಳಿಗೆ ಆಗ ಒಂದೂವರೆ ವರ್ಷ. ಆ ಬಾಟಲಿಯನ್ನು ಆವತ್ತೇ ಎಸೆದೆ.

ಅಲ್ಲಿಂದ ಈ ಫೆಬ್ರವರಿವರೆಗೆ ಆರು ದಾರಿ ಹಿಡಿದು ನೋಡಿದ್ದೇನೆ. ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಅನ್ನೋದನ್ನು ಬಾಯಿಮಾತಲ್ಲಿ ಹೇಳುತ್ತಿಲ್ಲ. ಅಂಟು ಹಾಳೆಗಳನ್ನು ತಂದು ಸಿಂಕ್ ಕೆಳಗೊಂದು, ಫ್ರಿಜ್ ಹಿಂದೊಂದು, ಮಲಗುವ ಕೋಣೆಯ ಬೀರು ಪಕ್ಕ ಒಂದು ಇಟ್ಟೆ. ಪ್ರತಿ ಭಾನುವಾರ ಎಣಿಸಿ ಕ್ಯಾಲೆಂಡರಲ್ಲಿ ಬರೆದೆ. ಮೊದಲ ವಾರ ಅಡುಗೆಮನೆಯಲ್ಲಿ 46, ಕೋಣೆಯಲ್ಲಿ ಸೊನ್ನೆ.

ಏನಾದರೂ ಕೊಳ್ಳುವ ಮೊದಲು ನಿಮ್ಮ ಮನೆಯಲ್ಲಿರುವುದು ಯಾವ ಜಿರಳೆ ಅಂತ ನೋಡಿಕೊಳ್ಳಿ. ಬಚ್ಚಲಿನ ಜಾಲರಿಯಿಂದ ಮೇಲೆ ಬರುವ ಕೆಂಪು ಕಂದಿನ ದೊಡ್ಡದು ಸುಮಾರು 4 ಸೆಂಟಿಮೀಟರ್ ಇರುತ್ತದೆ. ಅದು ಮೋರಿಯ ಜಿರಳೆ. ಜಾಲರಿ ಬದಲಾಯಿಸಿ, ರಾತ್ರಿ ಅದರ ಮೇಲೊಂದು ತಟ್ಟೆ ಮುಚ್ಚಿದರೆ ಹೆಚ್ಚುಕಮ್ಮಿ ಮುಗಿಯಿತು. ನಮ್ಮನ್ನು ಕಾಡಿದ್ದು ಸಣ್ಣದು. ಒಂದೂವರೆ ಸೆಂಟಿಮೀಟರ್ ಉದ್ದ, ತಿಳಿ ಕಂದು ಬಣ್ಣ, ತಲೆಯ ಹಿಂದೆ ಎರಡು ಕಪ್ಪು ಗೆರೆ. ಇದಕ್ಕೆ ಜರ್ಮನ್ ಜಿರಳೆ ಅನ್ನುತ್ತಾರೆ. ಇದು ಹೊರಗಿಂದ ಬಂದುಹೋಗುವುದಲ್ಲ, ಮನೆಯೊಳಗೇ ಸಂಸಾರ ಹೂಡುವುದು. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಕಂದು ಚೀಲ ಅಂಟಿಕೊಂಡಿರುತ್ತದೆ. ಅದರೊಳಗೆ 30ರಿಂದ 40 ಮೊಟ್ಟೆ. ಮರಿ ಹೊರಬರುವ ಹೊತ್ತಿನವರೆಗೂ ಅದನ್ನು ಹೊತ್ತುಕೊಂಡೇ ಓಡಾಡುತ್ತದೆ. ಈ ಚೀಲದ ವಿಷಯ ನೆನಪಿಡಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಊರಿಂದ ಅಮ್ಮ ಫೋನಲ್ಲಿ ಹೇಳಿದ ಲವಂಗ, ಪಲಾವ್ ಎಲೆ, ಬೇವಿನ ಸೊಪ್ಪು ಎಲ್ಲ ಮೊದಲ ವಾರವೇ ಇಟ್ಟೆ. ಡಬ್ಬಿಗಳಿಗೆ ಒಳ್ಳೆ ವಾಸನೆ ಬಂತು. ಜಿರಳೆ ಲವಂಗದ ಪಕ್ಕದಲ್ಲೇ ಓಡಾಡಿತು.

ಚಾಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಿನಸಿ ಅಂಗಡಿಯಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುತ್ತದೆ, ಗೆರೆ ಎಳೆದರೆ ಆಯಿತು. ಇರುವೆಗೆ ಪರವಾಗಿಲ್ಲ. ಆದರೆ ದಿನಕ್ಕೆ ಮೂರು ಸಲ ಒರೆಸುವ ಅಡುಗೆಕಟ್ಟೆಯಲ್ಲಿ ಆ ಗೆರೆ ಉಳಿಯುವುದಾದರೂ ಹೇಗೆ? ನೆಲದ ಮೇಲೆ ಎಳೆದರೆ ಮಗು ಕೈಯಾಡಿಸುತ್ತದೆ. ಬರೆಯುವ ಚಾಕ್‌ನಂತೆಯೇ ಕಾಣುವ ವಿಷ ಅದು. ಮಕ್ಕಳಿರುವ ಮನೆಗೆ ತರಲೇಬೇಡಿ. ಎರಡು ವಾರ ಆದಮೇಲೂ ಹಾಳೆಯಲ್ಲಿ 41 ಇದ್ದವು.

ಜುಲೈನಲ್ಲಿ ಸ್ಪ್ರೇ. ಸಿಟ್ಟು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯದು ಇಲ್ಲ ಅನಿಸುತ್ತದೆ. ಹೊಡೆದ ಕೂಡಲೇ ಅಂಗಾತ ಬಿದ್ದು ಕಾಲು ಒದರುತ್ತವೆ. ಬೆಳಿಗ್ಗೆ ಪೊರಕೆಯಲ್ಲಿ ಗುಡಿಸಿ ಮೊರಕ್ಕೆ ತುಂಬಿದೆ. ಆ ವಾರ ಅಡುಗೆಮನೆ ಲೆಕ್ಕ 19ಕ್ಕೆ ಇಳಿಯಿತು. ಗೆದ್ದೆ ಅಂದುಕೊಂಡೆ. ನಾಲ್ಕನೇ ವಾರಕ್ಕೆ ಅದು ಮತ್ತೆ 37. ಅದಕ್ಕಿಂತ ಬೇಜಾರಾದದ್ದು ಮಲಗುವ ಕೋಣೆಯ ಹಾಳೆ ನೋಡಿ. ಅಲ್ಲಿವರೆಗೆ ಸೊನ್ನೆ ಇದ್ದ ಕಡೆ ಆರು ಸಿಕ್ಕಿದ್ದವು. ಮಗಳ ಬಟ್ಟೆ ಇಡುವ ಬೀರು ಪಕ್ಕ.

ಯಾಕೆ ಹೀಗೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಅಂಗಡಿಯಲ್ಲಿ ಸಿಗುವ ಇಂಥ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರಿಥ್ರಾಯ್ಡ್ ಜಾತಿಯ ಔಷಧಿ. ಮೈಗೆ ತಾಗಿದರೆ ಸಾಯುತ್ತದೆ, ಸರಿ. ಆದರೆ ಅದರ ಘಾಟು ಹತ್ತಿದ ಕಡೆಯಿಂದ ಉಳಿದವು ಜಾಗ ಬಿಟ್ಟು ಬೇರೆ ಕಡೆ ಹೋಗುತ್ತವೆ. ಚೀಲದೊಳಗಿನ ಮೊಟ್ಟೆಗೆ ಅದು ಸರಿಯಾಗಿ ಇಳಿಯುವುದಿಲ್ಲ. ಮೂರು ನಾಲ್ಕು ವಾರಕ್ಕೆ ಮರಿಗಳು ಹೊರಗೆ. ಅಂದರೆ ನಾನು ಕಣ್ಣಿಗೆ ಕಂಡದ್ದನ್ನು ಕೊಂದು, ಕಾಣದ್ದನ್ನು ಪಕ್ಕದ ಕೋಣೆಗೆ ಓಡಿಸಿದ್ದೆ. ಇನ್ನೊಂದು ಮಾತು: ಈ ಡಬ್ಬಿಯ ಗ್ಯಾಸ್ ಬೆಂಕಿ ಹತ್ತಿಕೊಳ್ಳುವಂಥದ್ದು. ಒಲೆ ಉರಿಯುವಾಗ, ದೇವರ ದೀಪ ಹಚ್ಚಿರುವಾಗ ಹತ್ತಿರದಲ್ಲಿ ಹೊಡೆಯಬೇಡಿ. ಬಚ್ಚಲಲ್ಲಿ ಕಾಣುವ ಒಂಟಿ ದೊಡ್ಡ ಜಿರಳೆಗೆ ಮಾತ್ರ ನಾನು ಈಗ ಸ್ಪ್ರೇ ಇಟ್ಟುಕೊಂಡಿದ್ದೇನೆ.

ಬೋರಿಕ್ ಪುಡಿ ನನಗೆ ನಂಬಿಕೆ ಹುಟ್ಟಿಸಿದ ಮೊದಲ ಔಷಧಿ. ಕೇರಂ ಬೋರ್ಡಿಗೆ ಉದುರಿಸುತ್ತೀವಲ್ಲ, ಅದೇ ಪುಡಿ. ಮೈದಾ, ಸಕ್ಕರೆ, ಬೋರಿಕ್ ಪುಡಿ, ನಾಲ್ಕು ಹನಿ ಹಾಲು ಸೇರಿಸಿ ಕಲಸಿ ಗೋಲಿಯಷ್ಟು ಉಂಡೆ ಮಾಡಿದೆ. ಜಿರಳೆ ತಿಂದರೆ ಹೊಟ್ಟೆಗೆ ವಿಷ, ಪುಡಿಯ ಮೇಲೆ ನಡೆದರೂ ಕಾಲು ಮೀಸೆಗೆ ಅಂಟಿ, ಅದನ್ನು ನೆಕ್ಕಿಕೊಂಡು ಸಾಯುತ್ತದೆ. ನಿಧಾನ, ಆದರೆ ಓಡಿಸುವುದಿಲ್ಲ. ಆರು ವಾರದಲ್ಲಿ 37 ಇದ್ದದ್ದು 22 ಆಯಿತು. ಐವತ್ತು ರೂಪಾಯಿ ಒಳಗಿನ ಖರ್ಚಿಗೆ ಇದು ದೊಡ್ಡ ಮಾತು.

ಆದರೂ ನಿಲ್ಲಿಸಿದೆ. ಒಂದು ಕಾರಣ ಮಳೆಗಾಲ. ಸಿಂಕ್ ಕೆಳಗಿನ ತೇವಕ್ಕೆ ಪುಡಿ ಗಂಟುಕಟ್ಟಿ ಹೋಗುತ್ತಿತ್ತು, ಒಣಗಿದ್ದರೆ ಮಾತ್ರ ಅದರ ಕೆಲಸ. ಎರಡನೆಯದೇ ನಿಜವಾದ ಕಾರಣ. ಒಂದು ಮಧ್ಯಾಹ್ನ ಮಗಳು ಸಿಲಿಂಡರ್ ಹಿಂದೆ ಕೈಹಾಕಿ ಉಂಡೆ ಹಿಡಿದುಕೊಂಡು ಬಂದಳು. ಬಾಯಿಗೆ ಹಾಕಿರಲಿಲ್ಲ. ನೋಡೋಕೆ ಥೇಟ್ ಸಕ್ಕರೆ ಉಂಡೆ, ವಾಸನೆ ಹಾಲಿನದು. ಆವತ್ತು ಕೂತು ಎಲ್ಲ ಉಂಡೆ ಎಣಿಸಿ ತೆಗೆದೆ. ಇಟ್ಟದ್ದು ಹದಿನಾರು, ಸಿಕ್ಕಿದ್ದು ಹದಿನೈದು. ಹದಿನಾರನೆಯದು ಫ್ರಿಜ್ ಕೆಳಗೆ ಸಿಗುವವರೆಗೂ ನನ್ನ ಕೈ ನಡುಗುತ್ತಿತ್ತು. ಚಿಕ್ಕ ಮಕ್ಕಳಿಲ್ಲದ, ಒಣಗಿದ ಮನೆಯಾದರೆ ಬೋರಿಕ್ ಪುಡಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ನಾಯಿ ಬೆಕ್ಕು ಇರುವವರೂ ಯೋಚಿಸಿ.

ಸೆಪ್ಟೆಂಬರ್ ಕೊನೆಗೆ ಔಷಧಿ ಹೊಡೆಯುವವರನ್ನು ಕರೆಸಿದೆವು. 1,400 ರೂಪಾಯಿ. ಇಪ್ಪತ್ತೈದು ನಿಮಿಷ ಕೆಲಸ. ಅದಕ್ಕೆ ಮುಂಚೆ ಅಡುಗೆಮನೆ ಪೂರ್ತಿ ಖಾಲಿ ಮಾಡಿ, ಡಬ್ಬಿಗಳನ್ನೆಲ್ಲ ಹಾಲ್‌ಗೆ ಸಾಗಿಸಿ, ಮಗುವನ್ನು ಕರೆದುಕೊಂಡು ಒಂದು ದಿನ ತಂಗಿ ಮನೆಯಲ್ಲಿ ಇದ್ದೆ. ಲೆಕ್ಕ 22ರಿಂದ 9ಕ್ಕೆ ಬಂತು. ಐದು ವಾರದಲ್ಲಿ 25. ಎರಡನೇ ಸಲ ಉಚಿತವಾಗಿ ಬರುತ್ತೇವೆ ಅಂದಿದ್ದವರು ಫೋನ್ ಎತ್ತಲಿಲ್ಲ. ಬೇಸರದಿಂದ ಹೇಳುತ್ತಿರುವುದಲ್ಲ: ಅವರು ಹೊಡೆದದ್ದೂ ಸ್ಪ್ರೇಯೇ. ನನ್ನ ತಪ್ಪನ್ನೇ ದುಡ್ಡು ಕೊಟ್ಟು ಇನ್ನೊಂದು ಸಲ ಮಾಡಿಸಿದ ಹಾಗಾಯಿತು. ಕರೆಸುವುದಾದರೆ ಮೊದಲೇ ಕೇಳಿ, ಜೆಲ್ ಇಡುತ್ತೀರಾ, ಮೂರು ನಾಲ್ಕು ವಾರ ಬಿಟ್ಟು ಮತ್ತೆ ಬರುತ್ತೀರಾ ಅಂತ. ಎರಡಕ್ಕೂ ಹೌದು ಅಂದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಈಗ ಜೆಲ್. ಇಂಜೆಕ್ಷನ್ ಸಿರಿಂಜಿನಂಥ ಟ್ಯೂಬಲ್ಲಿ ಬರುತ್ತದೆ, ನನಗೆ ಮುನ್ನೂರು ರೂಪಾಯಿ ಆಸುಪಾಸು ಬಿತ್ತು. ಲೇಬಲ್ ಮೇಲೆ 2.15 ಶೇಕಡ ಇಮಿಡಾಕ್ಲೋಪ್ರಿಡ್ ಅಥವಾ 0.05 ಶೇಕಡ ಫಿಪ್ರೊನಿಲ್ ಅಂತ ಇರುತ್ತದೆ. ಎರಡನ್ನೂ ಬಳಸಿದೆ, ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹೆಸರುಕಾಳಿನಷ್ಟು ಚುಕ್ಕೆ ಸಾಕು. ದೊಡ್ಡ ಗುಪ್ಪೆ ಇಟ್ಟರೆ ಸುಮ್ನೆ ದಂಡ. ಚುಕ್ಕೆ ಸಣ್ಣದಿರಲಿ, ಜಾಗ ಜಾಸ್ತಿ ಇರಲಿ. ಕ್ಯಾಬಿನೆಟ್ ಬಾಗಿಲಿನ ಕೀಲು, ಸಿಂಕಿನ ಪೈಪ್ ಗೋಡೆ ಸೇರುವ ಕಡೆ, ಫ್ರಿಜ್ ಹಿಂದೆ ಮೋಟರ್ ಪಕ್ಕ, ಮಿಕ್ಸಿ ಇಡುವ ಮೂಲೆ, ಒಲೆಯ ಹಿಂದಿನ ಗೋಡೆ ಸಂದು. ಒಟ್ಟು ಹದಿನೆಂಟು ಕಡೆ ಇಟ್ಟೆ. ಮಗುವಿನ ಕೈ ಹೋಗದ ಸಂದುಗಳೇ ಜಿರಳೆಗೂ ಇಷ್ಟದ ಜಾಗ, ಆದ್ದರಿಂದ ಇದರಲ್ಲಿ ಭಯ ಕಡಿಮೆ.

ಮೊದಲ ರಾತ್ರಿ ಹನ್ನೊಂದಕ್ಕೆ ಟಾರ್ಚ್‌ಗೆ ಕೆಂಪು ಪ್ಲಾಸ್ಟಿಕ್ ಹಾಳೆ ಸುತ್ತಿ ಕೂತು ನೋಡಿದೆ. ಕೀಲಿನ ಸಂದಿಯಿಂದ ಮೊದಲು ಎರಡು ಮೀಸೆ ಹೊರಬಂದವು. ಗಾಳಿಯಲ್ಲಿ ತಡಕಾಡಿದವು. ಆಮೇಲೆ ಜಿರಳೆ ಇಳಿದು ಚುಕ್ಕೆ ಮುಂದೆ ನಿಂತು, ತಲೆ ತಗ್ಗಿಸಿ ತಿನ್ನತೊಡಗಿತು. ಒಂದು ನಿಮಿಷಕ್ಕೂ ಮೇಲೆ ಅಲ್ಲಾಡಲಿಲ್ಲ. ಹಿಂದೆ ಇನ್ನೊಂದು ಬಂತು, ಅದರ ತುದಿಯಲ್ಲಿ ಚೀಲ ಇತ್ತು. ಬೆಳಿಗ್ಗೆ ಕೆಲವು ಚುಕ್ಕೆ ಖಾಲಿಯಾಗಿದ್ದವು. ಮೂರನೇ ದಿನ ಹಗಲಲ್ಲೇ ಜಿರಳೆಗಳು ತೂರಾಡುತ್ತಾ ಹೊರಬಂದು ಬೀಳತೊಡಗಿದವು.

ಜೆಲ್ ಗೆಲ್ಲುವುದು ಇಲ್ಲೇ. ತಿಂದದ್ದು ತಕ್ಷಣ ಸಾಯುವುದಿಲ್ಲ, ಗೂಡಿಗೆ ವಾಪಸ್ ಹೋಗುತ್ತದೆ. ಅದರ ಹಿಕ್ಕೆಯನ್ನೂ ಹೆಣವನ್ನೂ ಉಳಿದವು ತಿನ್ನುತ್ತವೆ. ಸಂದಿನಿಂದ ಆಚೆ ಬಾರದ ಮರಿಗಳಿಗೂ ವಿಷ ಹೀಗೇ ತಲುಪುತ್ತದೆ. 25 ಇದ್ದದ್ದು ಎರಡು ವಾರಕ್ಕೆ 11, ನಾಲ್ಕು ವಾರಕ್ಕೆ 4. ಮೊಟ್ಟೆಯಿಂದ ಬರುವ ಹೊಸ ಮರಿಗಳಿಗಾಗಿ ನಾಲ್ಕನೇ ವಾರ ಮತ್ತೆ ಚುಕ್ಕೆ ಇಟ್ಟೆ. ಎರಡನೇ ಸಲ ಬೇರೆ ಔಷಧಿಯ ಟ್ಯೂಬ್ ತಂದದ್ದಕ್ಕೆ ಕಾರಣ ಇದೆ. ಅಮೆರಿಕದಲ್ಲಿ ಕೆಲವು ಜರ್ಮನ್ ಜಿರಳೆಗಳು ಗ್ಲೂಕೋಸನ್ನೇ ಮುಟ್ಟದೆ, ಸಿಹಿ ವಿಷದಿಂದ ತಪ್ಪಿಸಿಕೊಂಡದ್ದು 1990ರ ದಶಕದಲ್ಲೇ ಗೊತ್ತಾಗಿದೆ. ಒಂದೇ ರುಚಿಯನ್ನು ವರ್ಷಗಟ್ಟಲೆ ಇಡುವುದು ಬೇಡ ಅನಿಸಿತು.

ಜೆಲ್ ಇಟ್ಟ ಮೇಲೆ ಅದರ ಹತ್ತಿರ ಸ್ಪ್ರೇ ಹೊಡೆಯಬಾರದು, ಫಿನಾಯಿಲ್ ಹಾಕಿ ಒರೆಸಬಾರದು. ಡಿಸೆಂಬರಲ್ಲಿ ನಮ್ಮತ್ತೆ ಬಂದಾಗ ಸಿಂಕ್ ಕೆಳಗೆ ಒಂದು ಕಂಡು ಸ್ಪ್ರೇ ಹೊಡೆದರು. ಒಳ್ಳೆಯದಕ್ಕೇ ಮಾಡಿದ್ದು, ಪಾಪ. ಆ ಮೂಲೆಯ ಚುಕ್ಕೆಗಳು ಎರಡು ವಾರ ಮುಟ್ಟದೆ ಹಾಗೇ ಒಣಗಿದವು. ತೊಳೆದು ಹೊಸದಾಗಿ ಇಡಬೇಕಾಯಿತು. ಬಾಡಿಗೆ ಮನೆಯವರಿಗೆ ಇನ್ನೊಂದು ಸೂಚನೆ. ಜೆಲ್ ಮರದ ಮೇಲೆ, ಪೇಂಟ್ ಮೇಲೆ ಕಂದು ಕಲೆ ಬಿಡಬಹುದು. ಮೊದಲು ಸಣ್ಣ ಟೇಪ್ ತುಂಡು ಅಂಟಿಸಿ ಅದರ ಮೇಲೆ ಚುಕ್ಕೆ ಇಡಿ. ಮನೆ ಬಿಡುವಾಗ ಕಿತ್ತರೆ ಗುರುತೂ ಇರುವುದಿಲ್ಲ.

ಇಷ್ಟಾದರೂ 4ರಿಂದ ಕೆಳಗೆ ಇಳಿಯಲಿಲ್ಲ. ಸಿಂಕಿನ ಪೈಪ್ ಗೋಡೆಯೊಳಗೆ ಹೋಗುವ ಕಡೆ ಎರಡು ಬೆರಳು ಹಿಡಿಸುವಷ್ಟು ತೂತು ಇತ್ತು. ಅದೇ ಪೈಪಿನ ಜಾಗ ಕೆಳಗಿನ ಮನೆಗೂ ಮೇಲಿನ ಮನೆಗೂ ದಾರಿ. ಓನರ್ ಆಂಟಿ ಹತ್ತಿರ ಮಾತಾಡಲು ಇಳಿದೆ. “ನೀವು ಬರೋ ಮುಂಚೆ ಒಂದೂ ಇರ್ಲಿಲ್ಲಮ್ಮ, ನಿಮ್ಮ ಸಾಮಾನಿನ ಜೊತೆ ಬಂದಿರಬೇಕು” ಅಂದರು. ಹಾಗೂ ಆಗುತ್ತದೆ. ಅಂಗಡಿಯಿಂದ ತಂದ ರಟ್ಟಿನ ಡಬ್ಬದಲ್ಲಿ, ಹಳೆ ಫ್ರಿಜ್ ಹಿಂದೆ ಜಿರಳೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಜಗಳ ಆಡಲಿಲ್ಲ. “ಒಂದ್ನಿಮಿಷ ಮೇಲೆ ಬನ್ನಿ ಆಂಟಿ” ಅಂದೆ. ಕ್ಯಾಬಿನೆಟ್ ಬಾಗಿಲು ತೆಗೆದು ಒಳಗಿನ ಮೂಲೆಗೆ ಟಾರ್ಚ್ ಬಿಟ್ಟೆ. ಕೀಲಿನ ಸುತ್ತ ಕಾಳುಮೆಣಸಿನ ಪುಡಿಯಂಥ ಹಿಕ್ಕೆ. ಪಕ್ಕದಲ್ಲಿ ಒಡೆದ ಮೊಟ್ಟೆಚೀಲದ ಸಿಪ್ಪೆಗಳು. ಅದರಲ್ಲಿ ಮೂರರ ಮೇಲೆ ಬಿಳಿ ಪೇಂಟ್ ಬಳಿದಿತ್ತು. ನಾವು ಬರುವ ಮೊದಲು ಮನೆಗೆ ಬಳಿಸಿದ ಪೇಂಟು ಅದು. ಆಂಟಿ ಉಗುರಲ್ಲಿ ಕೆರೆದು ನೋಡಿದರು. “ನಮ್ಮ ಕೆಳಗಡೆನೂ ಇದಾವೆ, ಹೇಳೋಕೆ ನಾಚಿಕೆ ಆಗಿತ್ತು” ಅಂದರು.

ಮನೆ ಬಿಡುವಾಗ ಪೇಂಟಿಂಗ್ ಅಂತ ಅಡ್ವಾನ್ಸಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವ ಊರಿದು. ಅಷ್ಟು ಕೊಡುವ ನಾವು ಒಳಗೆ ಬರುವ ಮೊದಲೇ ಜಿರಳೆಗೆ ಔಷಧಿ ಮಾಡಿಸಿಕೊಡಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಕೇಳಿ. ಮನೆ ನೋಡಲು ಹೋದಾಗ ಹಾಲ್, ಬಾಲ್ಕನಿ ಆಮೇಲೆ ನೋಡಿದರಾಯಿತು. ಮೊದಲು ಸಿಂಕ್ ಕೆಳಗಿನ ಬಾಗಿಲು ತೆಗೆದು ಕೀಲಿಗೆ ಟಾರ್ಚ್ ಬಿಡಿ, ತಾರೀಖು ಬರುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ. ನಾನು ಜೂನ್‌ನಲ್ಲಿ ಅದನ್ನು ಮಾಡಿದ್ದರೆ ಆಂಟಿ ಜೊತೆ ಡಿಸೆಂಬರ್‌ವರೆಗೆ ಕಾಯಬೇಕಿರಲಿಲ್ಲ.

ಪೈಪಿನ ತೂತಿಗೆ ಆಂಟಿಯೇ ಪ್ಲಂಬರ್ ಕರೆಸಿ ವೈಟ್ ಸಿಮೆಂಟ್ ಹಾಕಿಸಿದರು. ಜನವರಿಯ ಒಂದು ಶನಿವಾರ ಮೂರೂ ಮನೆಗೆ ಒಂದೇ ರಾತ್ರಿ ಜೆಲ್ ಇಟ್ಟೆವು. ಮೇಲಿನ ಮನೆಯ ಹುಡುಗರಿಗೆ ಜಾಗ ತೋರಿಸಿಕೊಟ್ಟೆ. ಮೂರು ಟ್ಯೂಬ್, ಮೂರು ಮನೆ ಹಂಚಿಕೊಂಡ ಖರ್ಚು. ಜೊತೆಗೆ ರಾತ್ರಿ ಮಲಗುವ ಮುಂಚೆ ಸಿಂಕನ್ನು ಒಣ ಬಟ್ಟೆಯಲ್ಲಿ ಒರೆಸುತ್ತೇನೆ, ತೊಟ್ಟಿಕ್ಕುತ್ತಿದ್ದ ನಲ್ಲಿಗೆ ವಾಷರ್ ಹಾಕಿಸಿದ್ದೇನೆ. ಊಟವಿಲ್ಲದೆ ಜಿರಳೆ ವಾರಗಟ್ಟಲೆ ಬದುಕುತ್ತದೆ, ನೀರಿಲ್ಲದೆ ಅಷ್ಟು ದಿನ ಆಗುವುದಿಲ್ಲ.

ಮಲಗುವ ಕೋಣೆಯ ಹಾಳೆಯಲ್ಲಿ ಐದು ವಾರದಿಂದ ಸೊನ್ನೆ. ಈ ಭಾನುವಾರ ಸಿಂಕ್ ಕೆಳಗಿನದರಲ್ಲಿ ಎಳ್ಳಿನಷ್ಟು ದೊಡ್ಡ ಒಂದೇ ಒಂದು ಮರಿ ಸಿಕ್ಕಿತು. ಕ್ಯಾಲೆಂಡರಲ್ಲಿ 1 ಅಂತ ಬರೆದು, ಆ ಮೂಲೆಯ ಟೇಪ್ ಬದಲಾಯಿಸಿ ಎರಡು ಚುಕ್ಕೆ ಹೊಸದಾಗಿ ಇಟ್ಟೆ.