ಭಾಗವತರು ಯಾವ ದೇಶದವರು? ಪಿಡಿಎಫ್ ಮಾಡುವ ದಾರಿಗಳ ಹೋಲಿಕೆ

ಪಿಡಿಎಫ್ ಮಾಡಲು ನನ್ನ ಮತ ಲಿಬ್ರೆ ಆಫೀಸಿಗೆ, ಅಂದರೆ ವರ್ಡ್‌ನಂಥದ್ದೇ ಉಚಿತ ತಂತ್ರಾಂಶಕ್ಕೆ. ಕಾರಣ ಕಳೆದ ಮಳೆಗಾಲದ ತಾಳಮದ್ದಲೆ.

ನಮ್ಮೂರು ಶಿರಸಿಯಿಂದ 12 ಕಿಲೋಮೀಟರ್ ಒಳಗೆ. ಕೂಟದ ಆಮಂತ್ರಣ ಪತ್ರಿಕೆಯ ಕೆಲಸ ಪ್ರತಿವರ್ಷ ನನ್ನ ತಲೆಗೇ. ಮೊದಲ ಪುಟವನ್ನು ಯೂನಿಕೋಡ್‌ನಲ್ಲಿ, ಅಂದರೆ ಕನ್ನಡಕ್ಕೇ ಸ್ವಂತ ಸಂಕೇತಗಳಿರುವ ಈಗಿನ ಪದ್ಧತಿಯಲ್ಲಿ, ಹೊಸದಾಗಿ ಟೈಪ್ ಮಾಡಿದೆ. ಎರಡನೇ ಪುಟದ ಕಲಾವಿದರ ಪಟ್ಟಿಯನ್ನು ಹಳೆಯ ಕಡತದಿಂದ ಎತ್ತಿ ಅಂಟಿಸಿದೆ. ಅದು ಹಳೆಯ ನುಡಿ ಫಾಂಟಿನದು. ಪರದೆಯ ಮೇಲೆ ಎರಡೂ ಕನ್ನಡವೇ. ಟೈಪ್ ಮಾಡಿದ ಲಿಬ್ರೆಯಲ್ಲೇ ಪಿಡಿಎಫ್ ಗುಂಡಿ ಇದ್ದರೂ ಅಭ್ಯಾಸಬಲದಿಂದ ಪಿಡಿಎಫ್ ಮಾಡಿಕೊಡುವ ಒಂದು ಜಾಲತಾಣಕ್ಕೆ ಏರಿಸಿದೆ. ಬಂದದ್ದರ ಮೊದಲ ಪುಟವನ್ನಷ್ಟೇ ಮೊಬೈಲಿನಲ್ಲಿ ನೋಡಿ ಮುದ್ರಣಾಲಯಕ್ಕೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನು: "ಭಾವ, ನಿಮ್ಮ ಭಾಗವತರು ಯಾವ ದೇಶದವರು?"

ಹಿಮ್ಮೇಳ, ಮುಮ್ಮೇಳ ಎಲ್ಲವೂ ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆಯಾಗಿತ್ತು. ಹಳೆಯ ನುಡಿ ಕಡತದೊಳಗೆ ಇರುವುದು ಇಂಗ್ಲಿಷ್ ಲಿಪಿಯ ಸಂಕೇತಗಳು. ಅವಕ್ಕೆ ಕನ್ನಡದ ವೇಷ ಕಟ್ಟುವುದು ಫಾಂಟು. ಅದು ನನ್ನ ಕಂಪ್ಯೂಟರಿನಲ್ಲಿತ್ತು, ಜಾಲತಾಣದ ಸರ್ವರಿನಲ್ಲಿ ಇರಲಿಲ್ಲ. ತಾಳಮದ್ದಲೆಗೆ ವೇಷ ಬೇಡ, ನಿಜ. ಅಕ್ಷರಕ್ಕೆ ಬೇಕಲ್ಲ!

ಅದೇ ಕಡತವನ್ನು ಲಿಬ್ರೆಯಿಂದಲೇ ಪಿಡಿಎಫ್ ಮಾಡಿದೆ. ಬಳಸಿದ ಅಕ್ಷರರೂಪಗಳನ್ನು ಅದು ಪಿಡಿಎಫ್‌ನ ಒಳಗೇ ತುಂಬಿಬಿಡುವುದರಿಂದ ಎಲ್ಲಿ ತೆರೆದರೂ ಭಾಗವತರು ಕನ್ನಡಿಗರೇ. ಈಗ ಕಳಿಸುವ ಮೊದಲು ಅಡೋಬ್ ರೀಡರಿನಲ್ಲಿ ಕಂಟ್ರೋಲ್ ಮತ್ತು ಡಿ ಒತ್ತುತ್ತೇನೆ. ಫಾಂಟುಗಳ ಪಟ್ಟಿಯಲ್ಲಿ ಒಂದೊಂದು ಹೆಸರಿನ ಪಕ್ಕದಲ್ಲೂ 'ಎಂಬೆಡೆಡ್' ಎಂದಿದ್ದರೆ ನಿಶ್ಚಿಂತೆ.

ವರ್ಡ್‌ನಿಂದ ನೇರವಾಗಿ ಮಾಡಿದ ಪಿಡಿಎಫ್ ಕೂಡ ಚೆನ್ನಾಗಿಯೇ ಬರುತ್ತದೆ. ವರ್ಡ್‌ನ ಕೋಷ್ಟಕಗಳಿಗಂತೂ ಅದೇ ಮೇಲು. ಯಾರೋ ಕಳಿಸಿದ ಜಮಾಖರ್ಚನ್ನು ಲಿಬ್ರೆಯಲ್ಲಿ ತೆರೆದಾಗ ಕೊನೆಯ ಸಾಲು ಮುಂದಿನ ಪುಟಕ್ಕೆ ಜಾರಿತ್ತು. ಆದರೆ ವರ್ಷಕ್ಕೆ ನಾಲ್ಕು ಪತ್ರಿಕೆ ಮಾಡುವವನು ವರ್ಡ್‌ಗೆ ಹಣ ಕಟ್ಟುವುದೇ? ನಾನಂತೂ ಕಟ್ಟುವುದಿಲ್ಲ.

ವಿಂಡೋಸ್‌ನ 'ಪ್ರಿಂಟ್ ಟು ಪಿಡಿಎಫ್' ಕಾಗದದ ಮೇಲೆ ಮುದ್ರಿಸಲು ಸಾಕು. ಕೂಟದ ಮನೆಗೆ ದಾರಿ ತೋರಿಸಲು ಹಾಕಿದ್ದ ನಕ್ಷೆಯ ಕೊಂಡಿ ಮಾತ್ರ ಒತ್ತಿದರೂ ತೆರೆಯಲಿಲ್ಲ.

ಮೊಬೈಲ್ ಸ್ಕ್ಯಾನ್ ಪಹಣಿ, ಆಧಾರ್ ಪ್ರತಿಗಳಿಗೆ.

ಜಾಲತಾಣದ ಮೇಲೆ ನನಗೆ ಇನ್ನೊಂದು ಸಿಟ್ಟೂ ಇದೆ. ಮಳೆಗಾಲದಲ್ಲಿ ನಮ್ಮಲ್ಲಿ ಸಿಗ್ನಲ್ ಸಿಗುವುದು ದಣಪೆಯ (ಬೇಲಿಯ ಗೇಟಿನ) ಆಚೆ ಕೊಡೆ ಹಿಡಿದು ನಿಂತರೆ. ಕಡತ ಏರಿಸಲು ಒಮ್ಮೆ, ಇಳಿಸಲು ಒಮ್ಮೆ, ಮುದ್ರಣಾಲಯಕ್ಕೆ ಕಳಿಸಲು ಮತ್ತೊಮ್ಮೆ ಉಂಬಳಗಳಿಗೆ (ಜಿಗಣೆಗಳಿಗೆ) ಕಾಲು ಕೊಟ್ಟು ನಿಲ್ಲಬೇಕು. ಲಿಬ್ರೆಯಾದರೆ ಕಳಿಸುವಾಗ ಒಮ್ಮೆ ನಿಂತರೆ ಆಯಿತು.